ಹೊಳೆದಿಬ್ಬದ ಊರ ವೀಳ್ಯ

"ಯಾವೂರಮ್ಮ ನಿಮ್ದು?" ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಕೇಳಿದವರ ತಪ್ಪೇನಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಇನ್ನೇನು ಕೇಳಬೇಕು? ಆದರೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥ ಊರು ನನಗಿರಲಿಲ್ಲ. ನಾನು ಹುಟ್ಟಿ ಹದಿನೇಳು ವರ್ಷ ಬೆಳೆದದ್ದು ಪಾಲಾರ್ ಹೊಳೆಯ ದಂಡೆಯ ಒಂದು ದಿಬ್ಬದ ಮೇಲೆ. ಅಲ್ಲಿದ್ದದ್ದು ಒಂಬತ್ತು ಮನೆ. ಗುಡಿ ಇಲ್ಲ, ಪಟೇಲ ಇಲ್ಲ, ಶಾನುಭೋಗ ಇಲ್ಲ, ತಮಟೆ ಹೊಡೆದು ಸುದ್ದಿ ಸಾರುವ ತಳವಾರನೂ ಇಲ್ಲ. ಸುತ್ತಿನವರು ಹೊಳೆದಿಬ್ಬ ಎನ್ನುತ್ತಿದ್ದರು. ಅದು ಹೆಸರಲ್ಲ, ಗುರುತು ಅಷ್ಟೆ.

ಕೋಲಾರ ತಾಲ್ಲೂಕಿಗೂ ಮುಳಬಾಗಿಲು ತಾಲ್ಲೂಕಿಗೂ ಅಲ್ಲಿ ಹೊಳೆಯೇ ಗಡಿ. ನಮ್ಮ ತಾತನ ಕಾಲದಲ್ಲಿ ದೊಡ್ಡ ಪ್ರವಾಹ ಬಂದು ಹೊಳೆ ದಾರಿ ಬದಲಿಸಿತಂತೆ. ಮೊದಲು ಮುಳಬಾಗಿಲಿನ ಕಡೆಗಿದ್ದ ದಿಬ್ಬ ಆಮೇಲೆ ಕೋಲಾರದ ಕಡೆಗೆ ಬಿತ್ತು. ಅವರು ನಮ್ಮದಲ್ಲ ಎಂದು ಕೈಬಿಟ್ಟರು, ಇವರು ನಮ್ಮದೆಂದು ಬರೆದುಕೊಳ್ಳಲಿಲ್ಲ. ಹೀಗೆ ಯಾರ ಕಾಗದದಲ್ಲೂ ಇಲ್ಲದ ನೆಲಕ್ಕೆ, ಬೇರೆ ಕಡೆ ನೆಲವಿಲ್ಲದವರು ಒಬ್ಬೊಬ್ಬರಾಗಿ ಬಂದು ಗುಡಿಸಲು ಹಾಕಿದರು. ಸುಣ್ಣ ಸುಡುವವರು, ಬುಟ್ಟಿ ಹೆಣೆಯುವವರು, ಪಾತ್ರೆಗೆ ಕಲಾಯಿ ಹಾಕುವ ಸಾಹೇಬರ ಮನೆ, ಮರಳಿನಲ್ಲಿ ಕಲ್ಲಂಗಡಿ ಬೆಳೆಯುವ ನಾವು.

ದಿಬ್ಬದವರಿಗೆ ಒಂದು ಚಾಳಿ ಇತ್ತು. ಯಾರು ಬಂದು ಏನು ಕೇಳಿದರೂ ಹೂಂ ಎಂದು ತಲೆಯಾಡಿಸಿ ಜಾರಿಕೊಳ್ಳುವುದು. ಕೋಲಾರದ ಕಡೆಯಿಂದ ಕಂದಾಯದವರು ಬಂದರೆ ನಾವು ಮುಳಬಾಗಿಲಿನವರು ಸ್ವಾಮಿ. ಮುಳಬಾಗಿಲಿನ ಕಡೆಯಿಂದ ಯಾರಾದರೂ ಬಂದರೆ ನಾವು ಕೋಲಾರದವರು ಸ್ವಾಮಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದರಲ್ಲಿ ನಮ್ಮಪ್ಪನನ್ನು ಮೀರಿಸಿದವರಿರಲಿಲ್ಲ. ಬಂದವರು ತಲೆ ಕೆರೆದುಕೊಂಡು ಹೋದ ಮೇಲೆ ಒಂಬತ್ತು ಮನೆಯವರೂ ಸೇರಿ ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಯಾವ ಊರಿನವರೂ ಅಲ್ಲ ಎನ್ನುವುದರಲ್ಲಿ ಅದೇನು ಹೆಚ್ಚುಗಾರಿಕೆಯೋ ನನಗೆ ತಿಳಿಯುತ್ತಿರಲಿಲ್ಲ.

ನನಗೆ ಅಲ್ಲಿ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಾರ್ತೀಕದಲ್ಲಿ ಮೋಡ ಕಟ್ಟಿತೆಂದರೆ ಹೊಳೆ ಉಕ್ಕೀತೆಂದು ರಾಗಿ ಮಡಕೆಯನ್ನು ಅಟ್ಟಕ್ಕೆ ಏರಿಸು, ಮಳೆ ನಿಂತರೆ ಇಳಿಸು. ಮತ್ತೆ ಮೋಡ ಬಂತು, ಮತ್ತೆ ಏರಿಸು. ಕೋಲಾರದ ಕಡೆಗೆ ಒಂದು ಮೈಲಿ ನಡೆದರೆ ಒಂದು ಊರು, ಹೊಳೆ ದಾಟಿದರೆ ಇನ್ನೊಂದು. ಒಂದನ್ನು ಈಚೆ ಊರು, ಇನ್ನೊಂದನ್ನು ಆಚೆ ಊರು ಎನ್ನುತ್ತಿದ್ದೆವು. ನಡುವೆ ಕೂತ ನಾವು ಯಾವುದಕ್ಕೆ ಸೇರಿದವರು ಎಂದು ಅಜ್ಜಿಯನ್ನು ಪೀಡಿಸುತ್ತಿದ್ದೆ. ಅಜ್ಜಿಯ ಮಾತೆಲ್ಲ ಅರ್ಧ ಕನ್ನಡ, ಅರ್ಧ ತೆಲುಗು. "ಊರ್ಕೋವೇ, ಸುಮ್ನಿರು. ನೀರು ಎಲ್ಲೈತೋ ಅದೇ ಊರು" ಎನ್ನುತ್ತಿದ್ದಳು.

ನೀರಿನ ಮಾತು ಹೇಳಲೇಬೇಕು. ಪಾಲಾರ್ ವರ್ಷದಲ್ಲಿ ಎರಡು ಮೂರು ತಿಂಗಳು ಹರಿದರೆ ಹೆಚ್ಚು. ಆಮೇಲೆ ಬರೀ ಮರಳು. ಆದರೆ ಮರಳಿನ ಕೆಳಗೆ ನೀರು ಹರಿಯುತ್ತಲೇ ಇರುತ್ತದೆ. ಎಲ್ಲ ಕಡೆಯೂ ಸಿಹಿಯಲ್ಲ, ಒಂದು ಮಾರು ಆಚೀಚೆಯಾದರೆ ಉಪ್ಪು. ಸಂಕ್ರಾಂತಿಯ ಹೊತ್ತಿಗೆ ಹರಿವು ನಿಂತ ಮೇಲೆ ಹೊಸದಾಗಿ ಗುಂಡಿ ತೋಡಿ ಸಿಹಿ ಒರತೆಯನ್ನು ಹುಡುಕಬೇಕು. ಹಳೆಯ ಗುಂಡಿಯನ್ನು ಹೊಳೆ ಮುಚ್ಚಿ ಹಾಕಿರುತ್ತಿತ್ತು. ಮೊದಲ ಒರತೆ ತೋಡುವ ಕೆಲಸ ವರ್ಷಕ್ಕೊಂದು ಮನೆಯ ಸರದಿ. ಅದಕ್ಕೆಂದೇ ಒಂದು ಗುದ್ದಲಿ ಇತ್ತು. ಸರದಿ ಮುಗಿದವರು ತಮ್ಮ ಕೈಯಾರೆ ಅದನ್ನು ಮುಂದಿನ ಮನೆಯವರ ಕೈಗೆ ಕೊಡಬೇಕು. ತೆಗೆದುಕೊಂಡವರು ಏನೂ ತಿನ್ನದೆ ತೋಡಿ, ನೀರು ಕಂಡ ಮೇಲೆ ಒಂಬತ್ತು ಮನೆಗೂ ಮೊದಲ ಕೊಡ ಹೊತ್ತು ಹಾಕಬೇಕು. ಅಲ್ಲಿಂದ ಮುಂದಿನ ಸಂಕ್ರಾಂತಿಯವರೆಗೆ ಅವರೇ ಒರತೆ ಯಜಮಾನರು. ಜಗಳ ಬಂದರೆ ಅವರ ಮಾತೇ ಕೊನೆ.

ನಾನು ಹೇಳುತ್ತಿರುವ ವರ್ಷ ಸರದಿ ನಮ್ಮ ಮನೆಯದು. ಅಪ್ಪನಿಗೆ ಕಾಲಿನಲ್ಲಿ ನಾರುಹುಣ್ಣು ಎದ್ದಿತ್ತು. ಹುಣ್ಣಿನಿಂದ ಹುಳು ನೂಲಿನ ಹಾಗೆ ಹೊರಕ್ಕೆ ಬರುತ್ತದೆ, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು. ಅಂಥ ಕಾಲನ್ನು ಕುಡಿಯುವ ನೀರಿಗೆ ಇಳಿಸುವುದುಂಟೆ? ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಅಜ್ಜಿಗೆ ಸೊಂಟ ಬಗ್ಗದು. ಉಳಿದವಳು ನಾನು. ಸೀರೆ ಎತ್ತಿಕಟ್ಟಿ ಗುದ್ದಲಿ ಹಿಡಿದೆ. ಅಜ್ಜಿ ಅಲ್ಲಿ ತೋಡು, ಅತ್ತಿಮರದ ನೇರಕ್ಕೆ ತೋಡು ಎಂದಳು. ಅಷ್ಟು ದೂರದಿಂದ ವರ್ಷವಿಡೀ ಯಾರು ಹೊರುತ್ತಾರೆ ಎಂದು ಸಿಟ್ಟು ಬಂದು ಮನೆಯ ಹತ್ತಿರಕ್ಕೇ ತೋಡಿದೆ. ಸೊಂಟದಾಳ ಹೋಗುವಷ್ಟರಲ್ಲಿ ನೀರು ಜಿನುಗಿತು. ಎಲ್ಲರೂ ಬಗ್ಗಿ ಬೊಗಸೆಯಲ್ಲಿ ಕುಡಿದರು. ಎಳನೀರಿನಂಥ ಸಿಹಿ. ನನ್ನ ಸೋಮಾರಿತನಕ್ಕೆ ಕೈಗುಣ ಎಂಬ ಹೆಸರು ಬಂತು.

ಹೀಗೆ ಹದಿನೇಳರ ಹುಡುಗಿ ಒರತೆ ಯಜಮಾನಿಯಾದಳು. ಸುಣ್ಣದ ಮನೆಯ ಮೇಕೆ ಬುಟ್ಟಿಯ ಮನೆಯ ಸೋರೆಬಳ್ಳಿ ಮೇಯ್ದರೆ ನನ್ನ ಹತ್ತಿರ ಬರುತ್ತಿದ್ದರು. "ಮೇಕೆಗೆ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ವಾ? ಕಟ್ಟಾಕ್ರಿ" ಎಂದು ಬೈದು ಕಳಿಸುತ್ತಿದ್ದೆ. ಬೈಸಿಕೊಂಡವರು ನಗುತ್ತಾ ಹೋಗುತ್ತಿದ್ದರು. ಕಲಾಯಿ ಸಾಹೇಬರ ಹೆಂಡತಿಯನ್ನು ನಾನು ಖಾಲಾ ಎನ್ನುತ್ತಿದ್ದೆ, ಅವರ ಮಾತಿನಲ್ಲಿ ಚಿಕ್ಕಮ್ಮ. ಅವಳಂತೂ ದಾರಿಯಲ್ಲಿ ಸಿಕ್ಕರೆ ಸೆರಗು ಸರಿಮಾಡಿಕೊಂಡು "ಸಲಾಂ ಯಜಮಾನಿಯೋರೇ" ಎಂದು ಛೇಡಿಸುತ್ತಿದ್ದಳು. ನನಗೆ ಅದೆಲ್ಲ ಆಟ. ಮನಸ್ಸು ಇದ್ದದ್ದು ಬೇರೆ ಕಡೆ.

ನನಗೆ ಮದುವೆಯಾಗಿ ಒಂದು ಹೆಸರಿರುವ ಊರಿಗೆ ಹೋಗಬೇಕಿತ್ತು. ಅದಕ್ಕೆ ಮೊದಲು ಎರಡು ಕಡೆಯವರು ಬಂದು ನೋಡಿ, ಊರಿಲ್ಲದವರ ಮನೆಯ ಹೆಣ್ಣು ಬೇಡವೆಂದು ಎದ್ದು ಹೋಗಿದ್ದರು. ಮೂರನೆಯವರು ವಕ್ಕಲೇರಿಯ ಹತ್ತಿರದವರು. ಹುಡುಗನಿಗೆ ಅಪ್ಪ ಇಲ್ಲ, ದೊಡ್ಡಪ್ಪನೇ ಯಜಮಾನ. ಬಂದ ದಿನ ನಾನು ಕಲ್ಲಂಗಡಿ ಹೆಚ್ಚಿ ತಟ್ಟೆಯಲ್ಲಿಟ್ಟು ತಂದೆ. ದೊಡ್ಡಪ್ಪ ಒಂದು ಹೋಳು ತಿಂದು ಬಾಯಿ ಒರೆಸಿಕೊಂಡರು. ಹುಡುಗ ಮೂರು ಹೋಳು ತಿಂದು, ನೀರು ಕೇಳಿ, ಚೊಂಬನ್ನು ಪೂರ್ತಿ ಬರಿದುಮಾಡಿ, "ನಮ್ಮ ಬಾವಿ ನೀರು ಉಪ್ಪು. ಇಂಥ ನೀರು ಬಿಟ್ಟು ನಮ್ಮೂರಿಗೆ ಬರ್ತೀರಾ?" ಎಂದು ನನ್ನನ್ನೇ ನೋಡಿ ಕೇಳಿದ. ಹಿರಿಯರಿರುವಾಗ ಹಾಗೆ ಕೇಳುವುದೆಂದರೇನು. ನನಗೆ ಆ ಮನುಷ್ಯ ಆಗಲೇ ಇಷ್ಟವಾಗಿಬಿಟ್ಟ. ಮುಚ್ಚಿಡುವುದೇನಿದೆ, ಆ ದಿನದಿಂದ ನನಗೆ ಊಟ ರುಚಿಸಲಿಲ್ಲ.

ಎದ್ದು ಹೊರಡುವ ಮುಂಚೆ ದೊಡ್ಡಪ್ಪ ಅಪ್ಪನನ್ನು ಕೇಳಿದರು. "ಹೆಣ್ಣು ಒಪ್ಪಿಗೆ. ಊರ ವೀಳ್ಯ ಯಾರು ತಗೋತಾರೆ?"

ಅವರ ಕಡೆಯ ಪದ್ಧತಿಯಲ್ಲಿ ಮದುವೆಯ ಬೆಳಿಗ್ಗೆ ಚಪ್ಪರದಲ್ಲಿ ವೀಳ್ಯ ಕೂಗುತ್ತಾರೆ. ಮನೆದೇವರ ವೀಳ್ಯ, ಕುಲದ ವೀಳ್ಯ, ಆಮೇಲೆ ಊರ ವೀಳ್ಯ. ಹೆಣ್ಣಿನ ಊರಿನ ಯಜಮಾನ ಕೈ ನೀಡಿ ಆ ಎಲೆ ಅಡಿಕೆ ತೆಗೆದುಕೊಂಡರೆ ಊರೇ ಹೆಣ್ಣು ಕೊಟ್ಟಂತೆ. ನಾಳೆ ಗಂಡನ ಮನೆಯಲ್ಲಿ ಅವಳಿಗೆ ಅನ್ಯಾಯವಾದರೆ ಅವಳು ಹೋಗಿ ನಿಲ್ಲುವುದು ವೀಳ್ಯ ತೆಗೆದುಕೊಂಡವರ ಬಾಗಿಲಿಗೆ. ಅವರು ಬಂದು ಕೇಳಬೇಕು. ಊರ ವೀಳ್ಯವಿಲ್ಲದೆ ತಾಳಿ ಕಟ್ಟುವುದಿಲ್ಲ.

"ಊರೋರು ತಗೋತಾರೆ, ಅದಕ್ಕೇನಂತೆ" ಎಂದುಬಿಟ್ಟ ಅಪ್ಪ. ಯಾವ ಊರಿನವರು ಎಂದು ಅವನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಲಗ್ನಪತ್ರಿಕೆಯನ್ನು ಮೊದಲು ಕುರುಡುಮಲೆ ಗಣಪನ ಮುಂದಿಟ್ಟು ಬಂದು, ಅಪ್ಪ ಕುಂಟುತ್ತಾ ಈಚೆ ಊರಿನ ಪಟೇಲರ ಹತ್ತಿರ ಹೋದ. ಅವರು ಕೆಟ್ಟವರಲ್ಲ, ಲೆಕ್ಕಾಚಾರದವರು. "ತಗೋತೀನಿ ಕಣಯ್ಯ. ಆದ್ರೆ ವೀಳ್ಯ ನಮ್ಮ ಕೈಗೆ ಬಂದ್ಮೇಲೆ ದಿಬ್ಬ ನಮ್ಮೂರಿಂದು. ಬೇಸಿಗೇಲಿ ನಮ್ಮೂರ ದನ ನಿಮ್ಮ ಒರತೇಗೆ ಬರ್ತವೆ. ಕೆರೆ ಏರಿ ಕೆಲಸಕ್ಕೆ ಮನೆಗೊಬ್ಬರು ಬರ್ಬೇಕು" ಎಂದರಂತೆ. ಮರಳಿನ ಒರತೆಗೆ ಒಂದು ಹಿಂಡು ದನ ಇಳಿದರೆ ಗುಂಡಿ ಕುಸಿಯುತ್ತದೆ, ನೀರು ಸಗಣಿಯಾಗುತ್ತದೆ. ಅದು ಅಪ್ಪನಿಗೆ ಗೊತ್ತಿಲ್ಲವೆ? ಆದರೂ ಅಭ್ಯಾಸಬಲ. "ಹೂಂ ಸ್ವಾಮಿ, ನಾವು ನಿಮ್ಮೋರೇ" ಎಂದು ಬಂದ.

ಬಂದವನಿಗೆ ದಿಗಿಲು ಹಿಡಿಯಿತು. ಪಟೇಲರು ಆ ದಿನ ಬರದೆ ಹೋದರೆ? ಬರುತ್ತೇನೆಂದು ಹೇಳಿ ಬರದಿರುವುದು ದೊಡ್ಡವರಿಗೆ ಹೊಸದಲ್ಲ. ಮಾರನೆಯ ದಿನ ಹೊಳೆ ದಾಟಿ ಆಚೆ ಊರಿನ ಪಟೇಲರ ಹತ್ತಿರವೂ ಹೋದ. ಅವರೂ ಹೆಚ್ಚುಕಡಿಮೆ ಅದೇ ಮಾತು ಹೇಳಿದರು. ಅಪ್ಪ ಅಲ್ಲೂ ಹೂಂ ಎಂದ. ಇಬ್ಬರಲ್ಲಿ ಒಬ್ಬರಾದರೂ ಬರುತ್ತಾರೆ, ಇಬ್ಬರೂ ಬರುವಷ್ಟು ದೊಡ್ಡ ಮದುವೆಯೇನಲ್ಲ ಎನ್ನುವುದು ಅವನ ಎಣಿಕೆ. ಇಷ್ಟು ದಿನ ಇಬ್ಬರಿಗೂ ನಾವು ನಿಮ್ಮವರಲ್ಲ ಎಂದು ಹೇಳಿ ಗೆದ್ದಿದ್ದ ಮನುಷ್ಯ, ಈ ಸಲ ಇಬ್ಬರಿಗೂ ನಾವು ನಿಮ್ಮವರೇ ಎಂದು ಹೇಳಿ ಬಂದಿದ್ದ.

ಇಬ್ಬರೂ ಬಂದರು.

ವೈಶಾಖದ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನಾನು ಅರಿಸಿನ ಹಚ್ಚಿಕೊಂಡು ಒಳಗೆ ಕೂತಿದ್ದೆ. ಬಾಗಿಲ ಸಂದಿನಿಂದ ಚಪ್ಪರ ಕಾಣುತ್ತಿತ್ತು. ಈಚೆ ಊರಿನವರು ಹತ್ತು ಜನ ಬಲಗಡೆ ಕಂಬಳಿಯ ಮೇಲೆ, ಆಚೆ ಊರಿನವರು ಹತ್ತು ಜನ ಎಡಗಡೆ. ಎರಡು ಕಡೆಯವರೂ ಒಬ್ಬರನ್ನೊಬ್ಬರು ನೋಡಿ ಮುಗುಳ್ನಗುತ್ತಿದ್ದರು, ನಮ್ಮಷ್ಟಕ್ಕೆ ನಾವು ಊಟಕ್ಕೆ ಬಂದವರು ಎನ್ನುವಂತೆ. ಅಪ್ಪ ಕಟ್ಟು ಕಟ್ಟಿದ ಕಾಲನ್ನು ಚಾಚಿಕೊಂಡು ಯಾರ ಕಡೆಗೂ ನೋಡದೆ ಕೂತಿದ್ದ. ಅವನ ಮುಖ ನೋಡಿಯೇ ನನಗೆ ಏನಾಗಿದೆ ಎಂದು ತಿಳಿದುಹೋಯಿತು.

ಮನೆದೇವರ ವೀಳ್ಯವಾಯಿತು. ಕುಲದ ವೀಳ್ಯವಾಯಿತು. ದೊಡ್ಡಪ್ಪ ಹರಿವಾಣ ಹಿಡಿದು, "ಊರ ವೀಳ್ಯ" ಎಂದು ಕೂಗಿದರು. ಎರಡು ಕಡೆಯಿಂದ ಎರಡು ಕೈ ಮುಂದೆ ಬಂದವು.

"ನೀವ್ಯಾಕೆ ಕೈ ಚಾಚ್ತೀರಿ?" ಎಂದರು ಈಚೆ ಊರಿನವರು.

"ನಮ್ಮೂರ ಹೆಣ್ಣಿಗೆ ನಾವು ಚಾಚದೆ ನೀವು ಚಾಚ್ತೀರಾ?" ಎಂದರು ಆಚೆಯವರು.

ಅಲ್ಲಿಂದ ಶುರುವಾಯಿತು. ಹೊಳೆ ಯಾವಾಗ ದಾರಿ ಬದಲಿಸಿತು, ಗಡಿಕಲ್ಲು ಯಾರು ಕಿತ್ತರು, ಯಾರ ಅಜ್ಜ ಯಾರ ಎತ್ತನ್ನು ಹೊಡೆದುಕೊಂಡು ಹೋದ ಎನ್ನುವವರೆಗೆ. ನನ್ನ ಮದುವೆಯ ಮಾತು ಯಾರ ಬಾಯಲ್ಲೂ ಇರಲಿಲ್ಲ. ಕೊನೆಗೆ ಇಬ್ಬರೂ ಅಪ್ಪನ ಕಡೆ ತಿರುಗಿ, "ನೀನೇ ಹೇಳಯ್ಯ, ನೀನು ಯಾವೂರೋನು?" ಎಂದರು. ಅಪ್ಪ ಈ ಕಡೆ ನೋಡಿದ, ಆ ಕಡೆ ನೋಡಿದ, ಕಾಲಿನ ಕಟ್ಟನ್ನು ಬಿಗಿಮಾಡತೊಡಗಿದ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುವುದು ಸುಮ್ಮನೆ ಬಂದ ಗಾದೆಯಲ್ಲ.

ದೊಡ್ಡಪ್ಪ ಹರಿವಾಣವನ್ನು ಕೆಳಗಿಟ್ಟು ಹೆಗಲ ವಸ್ತ್ರ ಕೊಡವಿದರು. "ಒಂದು ಹೆಣ್ಣಿಗೆ ಎರಡು ಊರು ಇರಲ್ಲ. ಇವತ್ತಿನ ಈ ಜಗಳ ನಾಳೆ ನಮ್ಮ ಜಗಲಿಗೆ ಬರ್ತದೆ. ಗಾಡಿ ಕಟ್ರಪ್ಪ" ಎಂದರು. ಅವರ ಕಡೆಯವರು ಏಳತೊಡಗಿದರು. ಹುಡುಗ ಮಾತ್ರ ಬಾಸಿಂಗ ಕಟ್ಟಿಕೊಂಡು ಕೂತೇ ಇದ್ದ.

ಆಗ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ ಕಲಾಯಿ ಸಾಹೇಬರು ಗಂಟಲು ಸರಿಮಾಡಿಕೊಂಡು, "ಯಜಮಾನ್ರೇ, ಒಂದು ಮಾತು. ಇಲ್ಲಿ ಯಾರು ಯಜಮಾನ ಅಂತ ಇವರನ್ನ್ಯಾಕೆ ಕೇಳ್ತೀರಿ? ಇವರಿಬ್ಬರ ನೀರು ನಾವು ಒಂದು ದಿನಾನೂ ಕುಡಿದಿಲ್ಲ. ಈ ದಿಬ್ಬಕ್ಕೆ ಈ ಸಾಲಿನ ಯಜಮಾನಿ ಒಬ್ಬಳಿದಾಳೆ. ಒಂಬತ್ತು ಮನೇಗೂ ಮೊದಲ ಕೊಡ ಹಾಕಿದೋಳು. ವೀಳ್ಯ ಅವಳಿಗೆ ಕೊಡಿ" ಎಂದರು.

"ಯಾರದು?" ಎಂದರು ದೊಡ್ಡಪ್ಪ.

"ಒಳಗೆ ಕೂತಿದಾಳಲ್ಲ, ಮದುಮಗಳು."

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಇಬ್ಬರು ಪಟೇಲರೂ ಜಗಳ ಮರೆತು ಒಟ್ಟಿಗೆ ನಕ್ಕರು. ಅಜ್ಜಿ ನಗಲಿಲ್ಲ. ಒಳಗೆ ಬಂದು ನನ್ನ ರಟ್ಟೆ ಹಿಡಿದು, "ಲೇವೇ, ಎದ್ದೇಳು. ಏನು ಹೇಳ್ತೀಯೋ ಹೇಳು" ಎಂದಳು.

ಹೊಸಲು ದಾಟುವಾಗ ನನ್ನ ಮನಸ್ಸಿನಲ್ಲಿದ್ದದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಈಚೆ ಊರಿಗೇ ಕೊಟ್ಟುಬಿಡಿ ಎಂದು ಹೇಳಲು ಎದ್ದೆ. ದಿಬ್ಬ ಯಾರದಾದರೂ ಆಗಲಿ, ಒರತೆಗೆ ದನ ಬೇಕಾದರೂ ಇಳಿಯಲಿ, ನನಗೇನು? ನಾನಂತೂ ಹೋಗುವವಳು. ಆ ಹುಡುಗ ಎದ್ದು ಹೋಗದಿದ್ದರೆ ಸಾಕು. ಇಷ್ಟೇ ನನ್ನ ಯೋಚನೆ. ಹೊರಗೆ ಬಂದೆ. ಬಾಗಿಲ ಪಕ್ಕದಲ್ಲೇ ಖಾಲಾ ಅಡುಗೆಗೆ ನೀರು ತಂದು ನಿಂತಿದ್ದಳು, ಸೊಂಟದಲ್ಲಿ ಕೊಡ. ಬೆಳಗಿನಿಂದ ಎಷ್ಟನೆಯ ಕೊಡವೋ. ಸೀರೆಯ ಒಂದು ಮಗ್ಗುಲು ಪೂರ್ತಿ ನೆನೆದಿತ್ತು. ಅವಳು ಛೇಡಿಸಲೂ ಇಲ್ಲ, ಬೇಡಲೂ ಇಲ್ಲ, ಸುಮ್ಮನೆ ನೋಡಿದಳು. ಈಚೆ ಊರಿನ ಮಾತನ್ನು ಅಲ್ಲಿಗೇ ಬಿಟ್ಟೆ.

ನಾನು ಇಬ್ಬರು ಪಟೇಲರಿಗೂ ಕೈ ಮುಗಿದು, ದೊಡ್ಡಪ್ಪನ ಮುಂದೆ ನಿಂತು ಸೆರಗೊಡ್ಡಿದೆ. "ಕೊಡೋದಾದ್ರೆ ನನಗೆ ಕೊಡಿ" ಎಂದೆ. ಧೈರ್ಯ ಎಂದು ಆಮೇಲೆ ಎಲ್ಲರೂ ಹೊಗಳಿದರು. ಧೈರ್ಯವಲ್ಲ, ನನಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಅಪ್ಪನ ಮೇಲೆ ಎಲ್ಲಕ್ಕಿಂತ ಹೆಚ್ಚು.

ದೊಡ್ಡಪ್ಪ ನಗಲಿಲ್ಲ. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಸರಿಯಮ್ಮ. ಊರೂ ನೀನೇ, ಹೆಣ್ಣೂ ನೀನೇ. ನಾಳೆ ನಮ್ಮನೇಲಿ ನಿನಗೇನಾದ್ರೂ ಅನ್ಯಾಯ ಆದ್ರೆ ಯಾರ ಬಾಗಿಲಿಗೆ ಹೋಗಿ ನಿಲ್ತೀಯ?" ಎಂದರು.

"ನನ್ನ ಬಾಗಿಲಿಗೆ ನಾನೇ ಹೋಗ್ತೀನಿ. ನಾನೇ ಬಂದು ಕೇಳ್ತೀನಿ."

ಬಾಸಿಂಗದ ಒಳಗಿನಿಂದ ಹುಡುಗನ ದನಿ ಬಂತು. "ದೊಡ್ಡಪ್ಪ, ಬಿಸಿಲು ಏರ್ತಾ ಇದೆ."

ದೊಡ್ಡಪ್ಪ ಬಗ್ಗಿ ಹರಿವಾಣ ಎತ್ತಿಕೊಂಡು ಊರ ವೀಳ್ಯವನ್ನು ನನ್ನ ಸೆರಗಿಗೆ ಹಾಕಿದರು.

ಮದುವೆಯಾಯಿತು. ಇಬ್ಬರು ಪಟೇಲರೂ ಊಟ ಮಾಡದೆ ಎದ್ದು ಹೋದರು. ಹೋಗುವಾಗ ಈಚೆ ಊರಿನವರು ಅಪ್ಪನ ಹತ್ತಿರ ನಿಂತು, "ಸ್ವಂತ ಊರು ಮಾಡ್ಕೊಂಡ್ರಿ. ಒಳ್ಳೇದಾಗ್ಲಿ" ಎಂದರಂತೆ. ನಾನು ಕೇಳಿಸಿಕೊಳ್ಳಲಿಲ್ಲ, ಗಾಡಿಯಲ್ಲಿ ಕೂತಿದ್ದೆ. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ನನಗೆ ಕೊನೆಗೂ ಒಂದು ಊರು ಸಿಕ್ಕಿತ್ತು.

ಅದು ಯುದ್ಧದ ಕಾಲ. ರಾಗಿಗೆ ಚೀಟಿ, ಸೀಮೆಎಣ್ಣೆಗೆ ಚೀಟಿ, ಬಟ್ಟೆಗೂ ಚೀಟಿ. ಚೀಟಿ ಬೇಕಾದರೆ ಇಂಥವರು ನಮ್ಮ ಊರಿನವರು ಎಂದು ಶಾನುಭೋಗರು ರುಜು ಹಾಕಬೇಕು. ಅದಕ್ಕೆ ಮುಂಚೆ ಹೇಗೋ ಈಚೆಯವರೋ ಆಚೆಯವರೋ ಹಾಕಿಕೊಡುತ್ತಿದ್ದರು. ನನ್ನ ಮದುವೆಯಾದ ಮೇಲೆ ಎರಡು ಕಡೆಯವರೂ ಒಂದೇ ಮಾತು ಹೇಳಿದರು. "ನಿಮ್ಮೂರ ಯಜಮಾನಿ ಹತ್ರ ಹಾಕಿಸ್ಕೊಳ್ಳಿ." ಎಂದೂ ಒಂದಾಗದ ಎರಡು ಊರು ಇದೊಂದರಲ್ಲಿ ಒಂದಾದವು. ಇದೆಲ್ಲ ನನಗೆ ಗೊತ್ತಾಗಲಿಲ್ಲ. ಅಪ್ಪ ಹೇಳಿ ಕಳಿಸಲಿಲ್ಲ. ಅಜ್ಜಿ ಆ ಮಳೆಗಾಲದಲ್ಲೇ ತೀರಿಕೊಂಡಳು. ಹಾಲು ತುಪ್ಪಕ್ಕೆ ಹೋದಾಗ ಸುಣ್ಣದವರ ಮನೆಗೆ ಬೀಗ ಬಿದ್ದಿತ್ತು. ನೆಂಟರ ಮನೆಗೆ ಹೋಗಿರಬೇಕು ಎಂದುಕೊಂಡೆ.

ಸಂಕ್ರಾಂತಿ ಬಂತು. ಗಂಡನ ಮನೆಯಲ್ಲಿ ಮೊದಲ ಸಂಕ್ರಾಂತಿ, ಎಳ್ಳು ಬೀರುವುದು, ದನಕ್ಕೆ ಮೈ ತೊಳೆಯುವುದು, ಮನೆ ತುಂಬ ಜನ. ಗುದ್ದಲಿ ಕೈ ಬದಲಿಸಬೇಕು ಎನ್ನುವುದು ನೆನಪಿಗೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು. ಅಪ್ಪ ಇದ್ದಾನಲ್ಲ, ಕೊಡುತ್ತಾನೆ ಬಿಡು ಎಂದುಕೊಂಡೆ. ಎಂಟು ದಿನ ಕಳೆದ ಮೇಲೆ ಅಪ್ಪ ಬಿಸಿಲಿನಲ್ಲಿ ನಡೆದು ಬಂದ. ನೀರು ಕುಡಿಯುವ ಮುಂಚೆಯೇ, "ಒರತೆ ತೋಡಿಲ್ಲ ಕಣಮ್ಮ. ನೀನು ಬಂದು ಕೊಡ್ಬೇಕಂತೆ" ಎಂದ.

ಹೋದೆ. ಚೀಟಿ ಸಿಗದೆ ಮೂರು ಮನೆಯವರು ಎದ್ದುಹೋಗಿ, ಒಂಬತ್ತು ಮನೆಯಲ್ಲಿ ಆರು ಉಳಿದಿದ್ದವು. ಎಂಟು ದಿನದಿಂದ ದಿಬ್ಬದ ಹೆಂಗಸರೆಲ್ಲ ಹೊಳೆಯಾಚೆಗೆ ಹೋಗಿ, ಆಚೆ ಊರಿನ ಬಾವಿಯ ಹತ್ತಿರ ಕೊಡ ಹಿಡಿದು ನಿಂತಿದ್ದರು. ಊರಿನವರೆಲ್ಲ ಸೇದಿಕೊಂಡ ಮೇಲೆ ಇವರಿಗೆ. ಗುದ್ದಲಿ ನಮ್ಮ ಮನೆಯ ಗೋಡೆಗೆ ಒರಗಿಕೊಂಡೇ ಇತ್ತು, ಯಾರಾದರೂ ಎತ್ತಿಕೊಂಡು ತೋಡಬಹುದಿತ್ತು. ಮುಟ್ಟಿರಲಿಲ್ಲ. ಸರದಿ ಖಾಲಾಳ ಮನೆಯದು. "ನಿಮಗೇನು ಬುದ್ಧಿ ಇಲ್ವಾ? ಎತ್ತಿ ತೋಡ್ಕೊಳ್ಳೋಕೆ ಏನಾಗಿತ್ತು?" ಎಂದು ಅವಳನ್ನೇ ಬೈದೆ. ನಾಚಿಕೆಯಾದಾಗಲೆಲ್ಲ ನನಗೆ ಬೈಗುಳವೇ ಬರುವುದು.

"ಊರು ಅಂದ್ಮೇಲೆ ಒಂದು ರೀತಿ ಇರ್ಬೇಕಲ್ಲ ಬೇಟಿ. ನೀನೇ ತಾನೇ ಎಲ್ಲಾರ ಎದುರಿಗೆ ಊರು ಅಂತ ತಗೊಂಡಿದ್ದು" ಎಂದಳು. ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡು, ಏನೂ ತಿನ್ನದೆ, ಸಂಜೆಯವರೆಗೆ ತೋಡಿದಳು. ಅತ್ತಿಮರದ ನೇರಕ್ಕೆ ಸಿಹಿನೀರು ಸಿಕ್ಕಿತು. ಉಳಿದ ಮನೆಗಳಿಗೆ ಮೊದಲ ಕೊಡ ಹೊತ್ತು ಹಾಕಿ, ಬೀಗ ಬಿದ್ದ ಮೂರು ಮನೆಗಳ ಬಾಗಿಲಿಗೂ ಒಂದೊಂದು ಚೊಂಬು ಹಾಕಿದಳು. ಅಪ್ಪನನ್ನು ನಾನು ನನ್ನ ಜೊತೆಗೇ ಕರೆದುಕೊಂಡು ಬಂದೆ. ಅಳಿಯನ ಮನೆಯಲ್ಲಿ ಇರುವುದಿಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದ, ಆದರೆ ಗಾಡಿಯಿಂದ ಇಳಿಯಲಿಲ್ಲ.

ಅಲ್ಲಿಂದ ನನಗೆ ನೆಮ್ಮದಿಯಿಲ್ಲ. ಅಂದು ಈಚೆ ಊರಿಗೆ ವೀಳ್ಯ ಕೊಟ್ಟಿದ್ದರೆ ಏನಾಗುತ್ತಿತ್ತು? ದನ ಬರುತ್ತಿದ್ದವು, ಗುಂಡಿ ಕುಸಿಯುತ್ತಿತ್ತು, ಮತ್ತೆ ತೋಡುತ್ತಿದ್ದರು. ಚೀಟಿಗೆ ರುಜು ಸಿಗುತ್ತಿತ್ತು. ಒಂಬತ್ತು ಮನೆ ಒಂಬತ್ತೇ ಇರುತ್ತಿದ್ದವು. ನನ್ನ ಗಂಡ, "ಹಾಗೆ ಕೊಟ್ಟಿದ್ರೆ ನಿನ್ನ ನೀನೇ ಕ್ಷಮಿಸ್ಕೋತಿರಲಿಲ್ಲ ಕಣೇ" ಎನ್ನುತ್ತಿದ್ದರು. ಅವರಿಗೇನು ಗೊತ್ತು? ನಾನು ಕೊಡಲೆಂದೇ ಎದ್ದು ಬಂದವಳು. ರಾಗಿ ಬೀಸುವಾಗ, ಮಗುವಿಗೆ ಎರೆಯುವಾಗ ಇದೇ ತಲೆಯಲ್ಲಿ ತಿರುಗುತ್ತಿತ್ತು. ಒಂದು ದಿನ ಅಪ್ಪನನ್ನೇ ಕೇಳಿದೆ. ಅವನು ಈ ಕಡೆ ನೋಡಿ, ಆ ಕಡೆ ನೋಡಿ, "ಅದೂ ಸರೀನೇ, ಇದೂ ಸರೀನೇ" ಎಂದ.

ಇನ್ನೊಂದು ಸಂಕ್ರಾಂತಿ ಕಳೆದು ಹದಿನೈದು ದಿನವಾಗಿತ್ತು. ಮಧ್ಯಾಹ್ನ ಕಲಾಯಿ ಸಾಹೇಬರು ನಮ್ಮ ಬೀದಿಗೆ ಬಂದರು. ಅವರು ಕಲಾಯಿ ಹಾಕಲು ಊರೂರು ತಿರುಗುವವರು, ಬಂದದ್ದು ಹೊಸದಲ್ಲ. ಆದರೆ ತಿದಿ ಇರಲಿಲ್ಲ, ಇದ್ದಿಲ ಚೀಲ ಇರಲಿಲ್ಲ. ಹೆಗಲ ಮೇಲೆ ಗುದ್ದಲಿ ಇತ್ತು. ಜಗಲಿಯ ಮೇಲೆ ಕೂತಿದ್ದ ಅಪ್ಪ ಅದನ್ನು ನೋಡಿ ಎದ್ದು ನಿಂತ.

"ಮುಂದಿನ ಸರದಿಗೆ ಮನೆ ಇಲ್ಲಮ್ಮ. ಬುಟ್ಟಿಯವರೂ ಆಚೆ ಊರಿಗೆ ಹೋದ್ರು. ನಾವೊಬ್ಬರೇ ಉಳಿದಿದ್ವಿ, ಈಗ ಕೋಲಾರಕ್ಕೆ ಹೋಗ್ತಾ ಇದೀವಿ. ಸರದಿ ಸುತ್ತಿ ನಿನ್ನ ಹತ್ರಕ್ಕೇ ಬಂತು" ಎಂದು ಎರಡೂ ಕೈಯಲ್ಲಿ ಗುದ್ದಲಿ ನೀಡಿದರು. ಖಾಲಾಳೇ ತನ್ನ ಕೈಯಾರೆ ಕೊಡಬೇಕಿತ್ತು, ಅವಳಿಗೆ ಜ್ವರ, ಅದಕ್ಕೆ ತಾವು ತಂದದ್ದು, ತಪ್ಪು ತಿಳಿಯಬಾರದು ಎಂದರು.

"ನಾನೇನ್ಮಾಡ್ಲಿ ಇದನ್ನ? ಹಿತ್ತಲಲ್ಲಿ ಬಾಳೆ ಗುಂಡಿ ತೋಡ್ಲಾ?" ಎಂದು ರೇಗಿದೆ.

"ಊರಿನ ಸಾಮಾನು. ಊರಿನ ಹತ್ರ ಇರ್ಲಿ" ಎಂದರು. ಅವರ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ತೆಗೆದುಕೊಂಡೆ. ಗುದ್ದಲಿಯ ಕಾವು ಖಾಲಾಳ ಕೈಯಲ್ಲಿ ಸವೆದು ನುಣುಪಾಗಿತ್ತು. ಸಾಹೇಬರು ಜಗಲಿಯ ಮೇಲೆ ಕೂತು, "ಯಜಮಾನಿ, ಸ್ವಲ್ಪ ನೀರು" ಎಂದರು. ಗುದ್ದಲಿ ತೆಗೆದುಕೊಂಡವರ ಕೈಯಿಂದ ನೀರು ಕುಡಿಯದೆ ದಿಬ್ಬದವರು ಸರದಿ ಒಪ್ಪಿಸುವ ಕೆಲಸ ಮುಗಿಸುವುದಿಲ್ಲ. ಒಳಗೆ ಹೋಗಿ ನಮ್ಮ ಬಾವಿಯ ನೀರು ತಂದುಕೊಟ್ಟೆ. ಮಜ್ಜಿಗೆ ಕೊಡಬಹುದಿತ್ತು, ಆಗ ಹೊಳೆಯಲಿಲ್ಲ. ಅವರು ಒಂದೇ ಸಲ ಪೂರ್ತಿ ಕುಡಿದು ಚೊಂಬು ಕೆಳಗಿಟ್ಟರು.

"ಉಪ್ಪು, ಅಲ್ವಾ?" ಎಂದ ಅಪ್ಪ.

"ಹೂಂ" ಎಂದರು ಸಾಹೇಬರು.

ಬಿಸಿಲಿಳಿದ ಮೇಲೆ ಹೋಗಿ ಎಂದು ಹೇಳುವಷ್ಟರಲ್ಲಿ ಎದ್ದು ಹೊರಟೇಬಿಟ್ಟರು. ನಾನು ಒಳಗೆ ಹೋಗಿ ರಾಗಿ ಮೂಟೆಯ ಮೇಲೆ ಕೂತು ಅತ್ತೆ, ದನಿ ತೆಗೆದು ಅತ್ತೆ. ಗುದ್ದಲಿಯನ್ನು ಅಡುಗೆಮನೆಯ ಮೂಲೆಗೆ ನಿಲ್ಲಿಸಿದೆ. ಆಮೇಲೆ ಎಷ್ಟೋ ಸಂಕ್ರಾಂತಿ ಬಂದುಹೋದವು, ಸೊಸೆಯಂದಿರು ಬಂದು ಮನೆ ಬದಲಿಸಿದರು, ಅದು ಅಲ್ಲೇ ಇದೆ. ಯಾರಾದರೂ ಗಿಡ ನೆಡಲು ಕೇಳಿದರೆ ಬೇರೆ ಕೊಡುತ್ತೇನೆ, ಅದನ್ನು ಮುಟ್ಟಗೊಡುವುದಿಲ್ಲ. ಅದನ್ನು ತೆಗೆದುಕೊಳ್ಳಬೇಕಾದ ಮುಂದಿನ ಮನೆ ಇಲ್ಲ. ನನ್ನ ಸರದಿ ಇನ್ನೂ ಮುಗಿದಿಲ್ಲ.